ದಾಖಲೆಗಳ ಬಾಳಿಕೆ

ಇಂಗ್ಲೆಂಡಿನ ದೊರೆ ಮೊದಲನೆಯ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳ ಲೆಕ್ಕವನ್ನು ತೆಗೆಯಿಸಿದನು. ಆ ವಿವರಗಳನ್ನೊಳಗೊಂಡ ಗ್ರಂಥವೇ 'ಡೂಮ್ಸ್‌ಡೇ ಪುಸ್ತಕ'. ಕುರಿಯ ಚರ್ಮವನ್ನು ಹದಮಾಡಿ ತಯಾರಿಸಿದ ಹಾಳೆಗಳ ಮೇಲೆ ಬರೆದಿರುವ ಅದನ್ನು ಲ್ಯಾಟಿನ್ ಭಾಷೆ ಬಲ್ಲವರು ಇಂದಿಗೂ ಓದಬಲ್ಲರು.

ಇದಾದ ಒಂಬೈನೂರು ವರ್ಷಗಳ ತರುವಾಯ, 1986ರಲ್ಲಿ, ಬಿ.ಬಿ.ಸಿ. ಸಂಸ್ಥೆಯು ಇದೇ ಹೆಸರಿನ ನೂತನ ದಾಖಲೆಯೊಂದನ್ನು ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಮಿಗಿಲಾದ ಜನರು ಅದರಲ್ಲಿ ಪಾಲ್ಗೊಂಡರು. ಅವರಲ್ಲಿ ಶಾಲಾಮಕ್ಕಳೂ ಬಹುಸಂಖ್ಯೆಯಲ್ಲಿದ್ದು, ತಮ್ಮ ತಮ್ಮ ಊರುಗಳ ಜನಜೀವನವನ್ನು ವರ್ಣಿಸಿ ಬರೆದರು. ಇವೆಲ್ಲವನ್ನೂ ಎರಡು ಲೇಸರ್ ತಟ್ಟೆಗಳಲ್ಲಿ ಅಡಕಗೊಳಿಸಲಾಯಿತು. ಆದರೆ ಅವನ್ನು ಓದಲು ವಿಶೇಷವಾದ ಯಂತ್ರವೂ ಅದಕ್ಕೆ ಹೊಂದುವ ಗಣಕವೂ ಅವಶ್ಯವಾಗಿದ್ದುವು. ಹದಿನಾರು ವರ್ಷಗಳು ಕಳೆಯುವಷ್ಟರಲ್ಲಿ ಅಂತಹ ಯಂತ್ರಗಳು ವಿರಳವಾಗಿ, ದಾಖಲೆಯೇ ಕೈತಪ್ಪೀತೆಂಬ ಭೀತಿ ತಲೆದೋರಿತು. ಲೀಡ್ಸ್ ಹಾಗೂ ಮಿಚಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು, ಹೊಸ ಗಣಕವು ಹಳೆಯದರಂತೆಯೇ ವರ್ತಿಸುವಂತೆ ಮಾಡುವ ತಂತ್ರಾಂಶವನ್ನು ರಚಿಸಿ, 2002ರಲ್ಲಿ ಆ ತಟ್ಟೆಗಳಲ್ಲಿದ್ದುದನ್ನು ಮತ್ತೆ ಓದಲು ಸಾಧ್ಯವೆಂದು ತೋರಿಸಿದರು.

ದತ್ತಾಂಶದ ಬಾಳಿಕೆಯು ಮೂರು ಅಂಶಗಳನ್ನು ಅವಲಂಬಿಸಿದೆಯೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅವು ಯಾವುವೆಂದರೆ: ದತ್ತಾಂಶವನ್ನು ಹೊತ್ತ ವಸ್ತು, ಅದನ್ನು ಓದುವ ಯಂತ್ರ ಮತ್ತು ಬರೆದಿಟ್ಟ ಸಂಕೇತಕ್ರಮ.

ಮೊದಲು ವಸ್ತುವನ್ನು ಪರಿಶೀಲಿಸೋಣ. ಗಡಸು ಮುದ್ರಿಕೆ, ಅಂದರೆ ಹಾರ್ಡ್ ಡಿಸ್ಕ್, ದತ್ತಾಂಶವನ್ನು ಕಾಂತೀಯ ಗುರುತುಗಳಾಗಿ ಇರಿಸಿಕೊಳ್ಳುತ್ತದೆ. ಅದರೊಳಗೆ ಅತಿ ವೇಗವಾಗಿ ತಿರುಗುವ ಭಾಗಗಳಿರುವುದರಿಂದ ಪೆಟ್ಟು ಬಿದ್ದರೂ ಸವೆದರೂ ಅದು ಕೆಡಬಹುದು. ಪೆನ್ ಡ್ರೈವಿನಲ್ಲಿ ಚಲಿಸುವ ಭಾಗಗಳಿಲ್ಲ. ಆದರೂ ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶವು ಕಾಲಕ್ರಮೇಣ ಸೋರಿಹೋಗುವುದರಿಂದ ದೀರ್ಘಕಾಲದ ಸಂಗ್ರಹಕ್ಕೆ ಅದು ತಕ್ಕುದಲ್ಲ. ಬರೆಯಬಲ್ಲ ಸಾಮಾನ್ಯ ಸಿ.ಡಿ.ಯಲ್ಲಿರುವ ಬಣ್ಣದ ಪದರವು ಬಿಸಿಲಿಗೂ ಸೆಕೆಗೂ ಮಾಸುತ್ತದೆ. ತಂಪಾದ, ಒಣಹವೆಯ ಕೊಠಡಿಯಲ್ಲಿಟ್ಟ ಕಾಂತೀಯ ಪಟ್ಟಿಯು ಹಲವು ದಶಕಗಳ ಕಾಲ ಉಳಿಯಬಲ್ಲುದು. ಆದಕಾರಣ ದೊಡ್ಡ ಸಂಸ್ಥೆಗಳು ಈಗಲೂ ಅದನ್ನು ಬಳಸುತ್ತವೆ. ಆದರೆ ಅದನ್ನು ಓದುವ ಯಂತ್ರದ ಬೆಲೆ ಅಧಿಕ.

ಸಂಕೇತಕ್ರಮದ ಮಹತ್ವವನ್ನು ಕನ್ನಡದ ಅನುಭವವೇ ತಿಳಿಸುತ್ತದೆ. ಯೂನಿಕೋಡ್ ಬಳಕೆ ವ್ಯಾಪಿಸುವ ಮುನ್ನ ಕನ್ನಡ ಲಿಪಿಗಾಗಿ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದುವು. ಅಂದಿನ ಕಡತವನ್ನು ಅದಕ್ಕೆ ತಕ್ಕ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ, ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ವಸ್ತುವೂ ಯಂತ್ರವೂ ಸುಸ್ಥಿತಿಯಲ್ಲಿದ್ದಾಗ್ಯೂ ಬರಹವು ಓದುಗನಿಗೆ ದಕ್ಕುವುದಿಲ್ಲ. ಆದುದರಿಂದ ಒಂದೇ ಕಂಪನಿಯ ಗುಟ್ಟಾಗಿ ಉಳಿದ ಕ್ರಮಕ್ಕಿಂತ, ವಿವರಗಳು ಬಹಿರಂಗವಾಗಿ ಪ್ರಕಟವಾಗಿರುವ ಕ್ರಮವು ಲೇಸು. ಬರಹಕ್ಕೆ ಯೂನಿಕೋಡ್ ಪಠ್ಯ, ಪುಟಗಳ ರೂಪಕ್ಕೆ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿ.ಡಿ.ಎಫ್./ಎ ಇವು ಅಂಥವು.

ಎಂತಹ ಉತ್ತಮ ಸಾಧನವನ್ನು ಆರಿಸಿದರೂ ಒಂದೇ ಪ್ರತಿಯನ್ನು ನಂಬಿ ಕೂರುವುದು ವಿವೇಕವಲ್ಲ. ಮೂರು ಪ್ರತಿಗಳಿರಬೇಕು, ಅವು ಕನಿಷ್ಠ ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿಯಾದರೂ ಬೇರೊಂದು ಸ್ಥಳದಲ್ಲಿರಬೇಕು. ಬೆಂಕಿಯೋ ನೆರೆಯೋ ಒಂದು ಕಟ್ಟಡವನ್ನು ನಾಶಗೊಳಿಸಿದರೂ ಆಗ ದಾಖಲೆ ಉಳಿಯುತ್ತದೆ. ಅಲ್ಲದೆ ಪ್ರತಿಗಳನ್ನು ಆಗಿಂದಾಗ್ಗೆ ತೆರೆದು ಪರೀಕ್ಷಿಸಿ, ಹಳೆಯ ಯಂತ್ರಗಳು ಮರೆಯಾಗುವ ಮೊದಲೇ ಹೊಸ ಸಾಧನಗಳಿಗೆ ವರ್ಗಾಯಿಸಬೇಕು. ಹಿಂದೆ ಓಲೆಗರಿಗಳು ಶಿಥಿಲವಾಗುವ ಮುನ್ನ ಲಿಪಿಕಾರರು ಹೊಸ ಗರಿಗಳ ಮೇಲೆ ಪ್ರತಿಮಾಡಿದುದರಿಂದಲೇ ಅನೇಕ ಕಾವ್ಯಗಳು ನಮ್ಮವರೆಗೆ ಬಂದಿವೆ. ಸಾಧನಗಳು ಬದಲಾದರೂ ಆ ಹೊಣೆ ಮಾತ್ರ ಬದಲಾಗಿಲ್ಲ.