ಬಳ್ಳಾರಿಯ ಬಿಸಿಲೂ ಮನೆಯ ಮಾಳಿಗೆಯೂ

ಯೂರೋಪು ಖಂಡದ ವಿಯೆನ್ನಾ ನಗರದವರು ಒಂದು ಸಂಕಲ್ಪವನ್ನು ಮಾಡಿರುವರು. 2040ನೆಯ ಇಸವಿಯೊಳಗಾಗಿ, ತಮ್ಮ ಮನೆಗಳನ್ನು ಬೆಚ್ಚಗಿಡುವುದಕ್ಕೋಸ್ಕರ ಭೂಗರ್ಭದ ಅನಿಲವನ್ನು ಸುಡುವುದನ್ನು ಬಿಟ್ಟುಬಿಡಬೇಕೆಂಬುದೇ ಆ ಸಂಕಲ್ಪವು. ಊರಿನ ಕಸವನ್ನು ಸುಡುವಾಗ ಹುಟ್ಟುವ ಶಾಖವನ್ನೂ, ಶುದ್ಧಿಮಾಡಿದ ಚರಂಡಿಯ ನೀರಿನಲ್ಲಿ ಅಡಗಿರುವ ಶಾಖವನ್ನೂ ಯಂತ್ರಗಳಿಂದ ಹಿಡಿದು, ಬಿಸಿನೀರಿನ ರೂಪದಲ್ಲಿ ಬೀದಿಯ ಕೆಳಗಿನ ಕೊಳವೆಗಳ ಮೂಲಕ ಮನೆಗಳಿಗೆ ಕಳುಹುವ ಏರ್ಪಾಡು ಅಲ್ಲಿ ಬೆಳೆಯುತ್ತಲಿದೆ.

ಬಳ್ಳಾರಿಯವರಿಗೆ ಈ ಸುದ್ದಿ ಏತಕ್ಕೆಂದು ವಾಚಕ ಮಹಾಶಯರು ನಗಬಹುದು. ಮನೆಯನ್ನು ಬೆಚ್ಚಗೆ ಮಾಡುವ ಚಿಂತೆ ನಮಗೆ ಎಂದೂ ಬಂದುದಿಲ್ಲ. ನಮಗೆ ಶಾಖ ಬೇಕಾದ ಕೆಲಸಗಳು ಕೆಲವೇ. ಸಿರುಗುಪ್ಪೆಯ ಅಕ್ಕಿ ಗಿರಣಿಗಳಲ್ಲಿ ನೆಲ್ಲನ್ನು ಬೇಯಿಸುವುದಕ್ಕೆ ಆ ನೆಲ್ಲಿನ ಹೊಟ್ಟನ್ನೇ ಉರಿಸುವರು. ಗಾಳಿಯಿಂದ ಪೈರು ಹೀರಿದ ಇಂಗಾಲವೇ ಮರಳಿ ಗಾಳಿಗೆ ಸೇರುವುದರಿಂದ ಅದರಲ್ಲಿ ಹೊಸ ಸಾಲವಿಲ್ಲ. ಸ್ನಾನದ ನೀರನ್ನು ಮಾಳಿಗೆಯ ಮೇಲಿನ ಸೌರ ಹಂಡೆ ಕಾಯಿಸಿಕೊಡುವುದು. ವೈಶಾಖದಲ್ಲಿ ಬರಿಯ ತೊಟ್ಟಿಯ ನೀರೇ ಮೈ ಸುಡುವುದು. ನಮ್ಮ ಚಿಂತೆಯೆಲ್ಲ ತಂಪಿನದು. ಆದರೆ ವಿಯೆನ್ನಾದವರ ಪ್ರಶ್ನೆಯೂ ನಮ್ಮ ಪ್ರಶ್ನೆಯೂ ಬೇರೆಯಲ್ಲ: ಮನೆಯೊಳಗೆ ಸುಖವಾಗಿರುವುದಕ್ಕೆ ಹೊರಗೆ ಎಷ್ಟು ಬೆಂಕಿಯನ್ನು ಉರಿಸಬೇಕು?

ನಾವು ಹುಟ್ಟಿ ಬೆಳೆದ ಸಿರುಗುಪ್ಪೆಯ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರವಿದ್ದಿತು. ಎರಡು ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು. ಎಲ್ಲಕ್ಕೂ ಮೇಲೆ ದಪ್ಪನಾಗಿ ಹರವಿದ ಮಣ್ಣು. ಕೊನೆಯ ಪದರಕ್ಕೆ ಚೌಳು ಮಣ್ಣೇ ಆಗಬೇಕು. ಪೈರಿಗೆ ಶತ್ರುವಾದ ಆ ಮಣ್ಣು ನೀರು ಸೋಕಿದೊಡನೆ ಬಿಗಿದುಕೊಂಡು, ಮಳೆಯನ್ನು ಕೆಳಗೆ ಇಳಿಯಗೊಡುವುದಿಲ್ಲ. ಮುಂಗಾರಿಗೆ ಮುಂಚೆ ನಮ್ಮ ತಂದೆಯವರು ಗಾಡಿಯಲ್ಲಿ ಚೌಳು ತರಿಸಿ ಮಾಳಿಗೆಗೆ ಹಾಕಿಸುತ್ತಿದ್ದರು. ನಡುಮನೆಗೆ ಮೇಲಿನ ಬೆಳಕಿಂಡಿಯೊಂದರಿಂದಲೇ ಬೆಳಕು. ಬಿಸಿಯಾದ ಗಾಳಿ ಹೊರಗೆ ಹೋಗುತ್ತಿದ್ದುದೂ ಅದರಿಂದಲೇ. ಹಗಲಿನ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗುತ್ತಿದ್ದಿತು. ಆ ಹೊತ್ತಿಗೆ ನಾವೆಲ್ಲರೂ ಚಾಪೆ ಸುತ್ತಿಕೊಂಡು ಮಾಳಿಗೆಯ ಮೇಲೆ ಮಲಗಿರುತ್ತಿದ್ದೆವು.

ದಪ್ಪವೊಂದರಿಂದಲೇ ತಂಪು ಬರುವುದೆಂದು ತಿಳಿಯಬಾರದು. ಬಳ್ಳಾರಿಯ ಕೋಟೆಯ ಬೆಟ್ಟವೂ ಕಲ್ಲು. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯೂ ಕಲ್ಲು. ಬೆಟ್ಟವು ಹಗಲೆಲ್ಲ ಬಿಸಿಲನ್ನು ಕುಡಿದು ಸಂಜೆಯ ಮೇಲೆ ಊರಿನ ಮೇಲೆ ಕಾರುವುದು. ಗುಡಿಯ ಒಳಗಿನ ಕಂಬವಾದರೋ ನಡುಹಗಲಿನಲ್ಲಿಯೂ ಕೈಗೆ ತಣ್ಣಗೆ ತಗಲುವುದು. ಕಲ್ಲಿಗೆ ನೆರಳು ಇದೆಯೋ ಇಲ್ಲವೋ ಎಂಬುದರಲ್ಲಿದೆ ಭೇದ.

ಹಳೆಯ ಮನೆಯನ್ನು ಹೊಗಳುತ್ತ ಅದರ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಹಿಡಿದ ಮಳೆಗೆ ಒಂದಲ್ಲ ಒಂದು ಮೂಲೆ ಸೋರುತ್ತಿದ್ದಿತು. ಜಂತೆಯಿಂದ ಚೇಳು ಬೀಳುತ್ತಿದ್ದಿತು. ಗೆದ್ದಲು ಹಿಡಿದ ತೊಲೆಯನ್ನು ಬದಲಿಸುವುದಕ್ಕೆ ಮರವೂ ಇಲ್ಲ, ಬಲ್ಲ ಬಡಗಿಯೂ ಇಲ್ಲ. ಉದುರುವ ಮಣ್ಣನ್ನು ದಿನಕ್ಕೆ ಮೂರು ಬಾರಿ ಗುಡಿಸುತ್ತಿದ್ದವರು ನಮ್ಮ ತಾಯಿಯವರು. ಮನೆಯನ್ನು ಹೊಗಳುತ್ತಿದ್ದವರು ಗಂಡಸರು. ತಂದೆಯವರ ಕಾಲಾನಂತರ ನಾವೇ ಅದನ್ನು ಮಾರಿ, ಬಳ್ಳಾರಿಯಲ್ಲಿ ಕಾಂಕ್ರೀಟಿನ ಮನೆಯನ್ನು ಕಟ್ಟಿಸಿದೆವು. ಆ ದಿನ ತಾಯಿಯವರು ಕಣ್ಣೀರಿಡಲಿಲ್ಲ; ನಾವು ಇಟ್ಟೆವು.

ಈಗ ಅವರಿಗೆ ಎಂಬತ್ತನಾಲ್ಕು ವರ್ಷ. ಐದು ಅಂಗುಲದ ಕಾಂಕ್ರೀಟು ಹಗಲಿನ ಬಿಸಿಲನ್ನೆಲ್ಲ ಹೀರಿ, ಮಲಗುವ ಹೊತ್ತಿಗೆ ಸರಿಯಾಗಿ ಕೆಳಗೆ ಬಿಡುವುದು. ಬೀಸಣಿಗೆಯ ಯಂತ್ರವು ಆ ಬಿಸಿಗಾಳಿಯನ್ನೇ ತಿರುವಿಹಾಕುವುದು. ಕಳೆದ ವರ್ಷದ ವೈಶಾಖದಲ್ಲಿ ಒಂದು ಇರುಳು ತಾಯಿಯವರು ಮಾತು ತಡವರಿಸಿ, ಎದ್ದು ಕೂಡ್ರಲಾರದೆ ಹೋದರು. ವೈದ್ಯರು ಬಂದು, ಬಿಸಿಲ ಝಳ ರಾತ್ರಿಯಲ್ಲಿಯೂ ವೃದ್ಧರನ್ನು ಬಡಿಯಬಲ್ಲುದೆಂದು ಹೇಳಿ, ದೇಹವನ್ನು ತಣಿಸುವ ಚಿಕಿತ್ಸೆಯನ್ನು ಮಾಡಿದರು. ಮರುದಿನವೇ ನಮ್ಮ ಮಗನು ಏಸಿ ಯಂತ್ರವನ್ನು ತಂದು ಹಾಕಿಸಿದನು. ನಾವು ಬೇಡವೆನ್ನಲಿಲ್ಲ; ಬೇಡವೆನ್ನುವ ಮುಖವೂ ನಮಗಿರಲಿಲ್ಲ.

ಆದರೂ ಆ ಯಂತ್ರದ ಲೆಕ್ಕವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಅದು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುವುದು. ಚರಂಡಿಯ ನೀರಿನಿಂದ ಶಾಖವನ್ನು ಎತ್ತುವ ವಿಯೆನ್ನಾದ ಯಂತ್ರವೂ ಇದೇ ಜಾತಿಯದು, ಮುಖ ಮಾತ್ರ ತಿರುಗಿದೆ. ಒಂದು ಕೋಣೆಯ ಯಂತ್ರಕ್ಕೆ ಗಂಟೆಗೆ ಸುಮಾರು ಒಂದು ಯೂನಿಟ್ಟು ವಿದ್ಯುತ್ತು ಬೇಕು. ಬಳ್ಳಾರಿಯ ಸಮೀಪದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿರುವುದಷ್ಟೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲವಾದುದರಿಂದ ಅದಕ್ಕೆ ಇದ್ದಲು ರೈಲಿನಲ್ಲಿ ದೂರದಿಂದ ಬರಬೇಕು. ಇದ್ದಲಿನಿಂದಾದ ಒಂದು ಯೂನಿಟ್ಟಿಗೆ ಸುಮಾರು ಒಂದು ಕಿಲೋಗ್ರಾಮು ಇಂಗಾಲಾಮ್ಲ ವಾಯು ಆಕಾಶಕ್ಕೆ ಸೇರುವುದು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರವೂ ಇದೆ, ನಿಜ. ಆದರೆ ಸೂರ್ಯನು ಮುಳುಗಿದ ಮೇಲಲ್ಲವೆ ನಾವು ಏಸಿಯ ಗುಂಡಿಯನ್ನು ಒತ್ತುವುದು! ಹೀಗೆ, ಸೆಕೆ ತಾಳಲಾರದೆ ಸುಟ್ಟ ಇದ್ದಲು ಮುಂದಿನ ವರ್ಷಗಳ ಸೆಕೆಯನ್ನು ಮತ್ತಷ್ಟು ಬಲಪಡಿಸುವುದು.

ಸಂಸ್ಕೃತದಲ್ಲಿ ಸುಣ್ಣಕ್ಕೆ ಸುಧಾ ಎಂಬ ಹೆಸರುಂಟು. ಸುಧೆಯನ್ನು ಬಳಿದುದೇ ಸೌಧ. ಮಕ್ಕಳಿಗೆ ಈ ವ್ಯುತ್ಪತ್ತಿಯನ್ನು ಮೂವತ್ತು ವರ್ಷ ಹೇಳಿಕೊಟ್ಟ ನಮಗೆ, ನಮ್ಮ ಮಾಳಿಗೆಯು ಕರ್ರಗೆ ಪಾಚಿಗಟ್ಟಿ ಬಿಸಿಲನ್ನು ನುಂಗುತ್ತಿದ್ದುದು ಕಾಣಲೇ ಇಲ್ಲ. ಬಿಳಿಯ ಮೈಯು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುವುದು. ನೆರೆಯ ತೆಲಂಗಾಣ ಸರ್ಕಾರದವರು 2023ರಲ್ಲಿ ತಂಪು ಮಾಳಿಗೆಯ ನೀತಿಯನ್ನೇ ಹೊರಡಿಸಿ, ಸರ್ಕಾರಿ ಕಟ್ಟಡಗಳಿಗೂ ವಾಣಿಜ್ಯ ಕಟ್ಟಡಗಳಿಗೂ ಅದನ್ನು ಕಡ್ಡಾಯ ಮಾಡಿರುವರು.

ಈ ವರ್ಷ ಯುಗಾದಿಗೆ ಮುಂಚೆ ನಾವು ಮಾಳಿಗೆಯನ್ನು ಉಜ್ಜಿ ತೊಳೆಯಿಸಿ, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಸಿದೆವು. ಸುಣ್ಣ ಕಲಸುವವರು ಕಣ್ಣನ್ನು ಕಾಪಾಡಿಕೊಳ್ಳಬೇಕು, ಸಿಡಿದರೆ ಅಪಾಯ. ತಾಯಿಯವರ ಕೋಣೆಯ ಪಡುವಣ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಡಿಕೆಯನ್ನು ಕಟ್ಟಿದೆವು. ಗಾಜನ್ನು ದಾಟಿ ಬಂದ ಬಿಸಿಲನ್ನು ಒಳಗಿನ ಪರದೆ ತಡೆಯಲಾರದು. ಹಿಂದಿನ ವರ್ಷ ಮಧ್ಯಾಹ್ನ ಕಾಲಿಡಲಾಗದಿದ್ದ ಮಾಳಿಗೆಯ ಮೇಲೆ ಈಗ ಸೊಸೆಯು ಬರಿಗಾಲಿನಲ್ಲಿ ಹೋಗಿ ಸಂಡಿಗೆಯನ್ನು ಎತ್ತಿತರುವಳು. ಬೆಳಕು ಕಣ್ಣಿಗೆ ಕೋರೈಸುವುದೆಂದು ಪಕ್ಕದ ಮನೆಯವರು ಮೊದಲು ಆಕ್ಷೇಪಿಸಿದರು. ಈಗ ಎಷ್ಟು ಸುಣ್ಣ ಬೇಕಾಯಿತೆಂದು ಕೇಳುತ್ತಿರುವರು.

ಏಸಿಯನ್ನು ನಾವು ತೆಗೆಯಿಸಿಲ್ಲ. ಸೆಕೆ ಮಿತಿಮೀರಿದ ಇರುಳುಗಳಲ್ಲಿ 26 ಡಿಗ್ರಿಗೆ ಇಟ್ಟು, ಬೀಸಣಿಗೆಯನ್ನೂ ಹಾಕಿ, ತಾಯಿಯವರು ನಿದ್ದೆಹೋದ ಮೇಲೆ ನಿಲ್ಲಿಸುವೆವು. ಅವರು ಒಮ್ಮೊಮ್ಮೆ ಎಚ್ಚರವಾಗಿ, "ಏನಪ್ಪಾ, ಮಾಳಿಗಿ ಮ್ಯಾಲೆ ಚಾಪಿ ಹಾಕಿಯೇನು?" ಎಂದು ಕೇಳುವರು. ಮಳೆಗಾಲದಲ್ಲಿ ಸುಣ್ಣ ಅರ್ಧಕ್ಕರ್ಧ ತೊಳೆದುಹೋಗುವುದು. ಬರುವ ಮಾಘದಲ್ಲಿ ಮತ್ತೆ ಬಳಿಸುವುದಕ್ಕೆ ಆಳಿಗೆ ಈಗಲೇ ಹೇಳಿಟ್ಟಿರುವೆವು.