ಲಕ್ಷದ್ವೀಪಕ್ಕೆ ಹೊರಟಿದ್ದೀರಾ? ಟಿಕೆಟ್‌ಗೂ ಮೊದಲು ಅಲ್ಲಿನ ನೀರಿನ ಲೆಕ್ಕ ತಿಳಿದುಕೊಳ್ಳಿ

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ಕಡಲತೀರದ ಫೋಟೊಗಳನ್ನು ಹಂಚಿಕೊಂಡರು. ಬೆನ್ನಲ್ಲೇ ಮಾಲ್ಡೀವ್ಸ್‌ನ ಕೆಲವು ಉಪಸಚಿವರ ಕೀಳು ಮಾತು, ನಮ್ಮಲ್ಲಿ 'ಬಾಯ್ಕಾಟ್ ಮಾಲ್ಡೀವ್ಸ್' ಕೂಗು. ಅಲ್ಲಿಂದೀಚೆಗೆ ರಜೆ ಬಂತೆಂದರೆ 'ಮಾಲ್ಡೀವ್ಸ್ ಯಾಕೆ, ನಮ್ಮದೇ ಲಕ್ಷದ್ವೀಪ ಇದೆಯಲ್ಲ' ಅನ್ನುವ ಮಾತು ಕೇಳಿಬರುತ್ತಲೇ ಇದೆ. ಇದೆ, ನಿಜ. ಆದರೆ ಅದು ಗೋವಾ ಥರ ಬ್ಯಾಗ್ ಏರಿಸಿ ಹೊರಟುಬಿಡುವ ಜಾಗ ಅಲ್ಲ. ಯಾಕೆ ಅಲ್ಲ ಅನ್ನೋದು ಅರ್ಥವಾದರೆ ಪ್ಲಾನ್ ಮಾಡುವುದೂ ಸುಲಭ.

ಮೊದಲು ಪರ್ಮಿಟ್, ಆಮೇಲೆ ಟಿಕೆಟ್

ಭಾರತೀಯರಾದರೂ ಲಕ್ಷದ್ವೀಪಕ್ಕೆ ಕಾಲಿಡಲು ಅನುಮತಿ ಬೇಕು. 1967ರ ನಿಯಮ ಇದು. ಅಲ್ಲಿನ ಜನರಲ್ಲಿ ಹೆಚ್ಚೂಕಡಿಮೆ ಎಲ್ಲರೂ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ಭೂಮಿ, ಬದುಕು ಹೊರಗಿನವರ ಪಾಲಾಗಬಾರದು ಎಂಬುದು ಇದರ ಹಿಂದಿನ ಉದ್ದೇಶ. ಆಡಳಿತದ್ದೇ ಪ್ರವಾಸಿ ಸಂಸ್ಥೆ 'ಸ್ಪೋರ್ಟ್ಸ್'ನ ಪ್ಯಾಕೇಜ್ ತೆಗೆದುಕೊಂಡರೆ ಪರ್ಮಿಟ್ ಕೆಲಸವೂ ಅದರ ಜೊತೆಗೇ ಆಗುತ್ತದೆ. ಸ್ವಂತವಾಗಿ ಹೋಗುವವರು ಪೊಲೀಸ್ ಪರಿಶೀಲನೆ, ಅರ್ಜಿ ಇತ್ಯಾದಿಗಳಿಗೆ ಕೆಲವು ವಾರ ಮೀಸಲಿಡುವುದು ಒಳ್ಳೆಯದು. ಪರ್ಮಿಟ್ ಕೈಗೆ ಬರದೆ ವಿಮಾನದ ಟಿಕೆಟ್ ತೆಗೆಯಬೇಡಿ.

ದಾರಿ ಎರಡು. ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ರನ್‌ವೇ ಚಿಕ್ಕದು, ಹಾಗಾಗಿ ಬರುವುದು ಸಣ್ಣ ವಿಮಾನಗಳೇ, ಸೀಟುಗಳೂ ಕಮ್ಮಿ. 2024ರಲ್ಲಿ ಬೆಂಗಳೂರಿನಿಂದಲೂ ನೇರ ವಿಮಾನ ಶುರುವಾಯಿತು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ಇನ್ನೊಂದು ದಾರಿ ಕೊಚ್ಚಿಯಿಂದ ಹಡಗು, ಸುಮಾರು 14ರಿಂದ 18 ಗಂಟೆ. ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಮುಂಗಾರಿನಲ್ಲಿ ಕಡಲು ಬಿರುಸಾಗಿರುತ್ತದೆ, ಹೋದವರು ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಹಾಗಾಗಿ ವಾಪಸ್ ಬರುವ ದಿನದ ಮುಂದೆ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ. ಗಂಭೀರ ಕಾಯಿಲೆಯವರನ್ನು ಅಲ್ಲಿನ ಜನರೇ ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸಬೇಕಾದ ಸ್ಥಿತಿ ಇದೆ. ದಿನನಿತ್ಯದ ಔಷಧಿ ಇದ್ದರೆ ಮರೆಯದೆ ಹೆಚ್ಚುವರಿ ಒಯ್ಯಿರಿ. ಮದ್ಯ ಬಂಗಾರಂ ದ್ವೀಪ ಬಿಟ್ಟು ಬೇರೆಡೆ ನಿಷಿದ್ಧ.

ಮರಳಿನ ಕೆಳಗಿನ ತೆಳು ಪದರ

ಒಟ್ಟು 36 ದ್ವೀಪಗಳು, ಜನ ಇರುವುದು 10ರಲ್ಲಿ. ಎಲ್ಲ ಸೇರಿದರೂ ನೆಲ 32 ಚದರ ಕಿಲೋಮೀಟರ್ ಅಷ್ಟೇ, ಮೈಸೂರು ನಗರಕ್ಕಿಂತ ಚಿಕ್ಕದು. 2011ರ ಜನಗಣತಿ ಪ್ರಕಾರ ಜನಸಂಖ್ಯೆ 64,473. ಅಲ್ಲಿ ನದಿ ಇಲ್ಲ, ತೊರೆ ಇಲ್ಲ. ಮಳೆ ನೀರು ಹವಳದ ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಾ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೆ. ಬಾವಿಯಲ್ಲಿ ಸಿಗುವುದು ಈ ಪದರದ ನೀರು. ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಬಾವಿ ಕೆಡುತ್ತದೆ. ಶೌಚದ ಗುಂಡಿಯಿಂದ ಇಂಗುವ ಕೊಳಕು ಸೇರುವುದೂ ಇದೇ ಪದರಕ್ಕೆ.

ಸಮುದ್ರದ ನೀರನ್ನೇ ಸಿಹಿ ಮಾಡಬಹುದಲ್ಲ ಅಂತೀರಾ? 2005ರಲ್ಲಿ ಕವರತ್ತಿಯಲ್ಲಿ ಅಂಥ ಘಟಕ ಬಂತು, ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಆಮೇಲೆ ಬೇರೆ ದ್ವೀಪಗಳಿಗೂ ಬಂದಿವೆ. ಆದರೆ ಅವುಗಳನ್ನು ಓಡಿಸಲು ಕರೆಂಟ್ ಬೇಕು. ಅಲ್ಲಿನ ಕರೆಂಟ್ ಬಹುಪಾಲು ಡೀಸೆಲ್‌ನಿಂದ, ಡೀಸೆಲ್ ಬರುವುದು ಹಡಗಿನಲ್ಲಿ. ರೆಸಾರ್ಟಿನ ಒಂದು ಈಜುಕೊಳ ಅಂದರೆ ಅದು ಬರೀ ನೀರಲ್ಲ, ಇಷ್ಟೂ ಸರಪಳಿ.

ಹವಳವೇ ಗೋಡೆ

ನಾವು ನೋಡಲು ಹೋಗುವ ಹವಳ ಅಲ್ಲಿನವರಿಗೆ ಚಂದದ ವಸ್ತು ಮಾತ್ರ ಅಲ್ಲ. ಅಲೆಗಳ ಹೊಡೆತ ತಡೆದು ದ್ವೀಪ ಉಳಿಸುವುದು ಅದೇ. ಕಡಲು ಬಿಸಿಯಾದಾಗ ಹವಳ ಬಿಳುಚಿ ಸಾಯುತ್ತದೆ. 1998, 2010, 2016ರಲ್ಲಿ ಹೀಗೆ ಆಯಿತು, 2024ರಲ್ಲಿ ಮತ್ತೆ ಆಯಿತು. ಬಂಗಾರಂ ಬಳಿಯ ಪರಾಳಿ-1 ಎಂಬ ಪುಟ್ಟ ದ್ವೀಪ ಕೊರೆತಕ್ಕೆ ಸಿಕ್ಕಿ ಪೂರ್ತಿ ಮರೆಯಾಗಿದೆ. ಹೀಗಿರುವಾಗ ಹವಳದ ಮೇಲೆ ನಿಲ್ಲುವುದು, ಒಂದು ತುಂಡು ನೆನಪಿಗೆ ಅಂತ ಜೇಬಿಗಿಳಿಸುವುದು ಸಣ್ಣ ತಪ್ಪಲ್ಲ. ವನ್ಯಜೀವಿ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ.

ತೀರ್ಮಾನ ಯಾರದು?

ಪ್ರವಾಸೋದ್ಯಮ ಬೇಡವೇ ಬೇಡ ಅನ್ನಲಾಗದು. ಮೀನು, ತೆಂಗು ಬಿಟ್ಟರೆ ದುಡಿಮೆ ಕಮ್ಮಿ ಇರುವ ಕಡೆ ಯುವಕರಿಗೆ ಕೆಲಸ ಬೇಕು. ಪ್ರಶ್ನೆ ಇರುವುದು ಎಷ್ಟು, ಯಾರ ಕೈಯಲ್ಲಿ ಎಂಬುದರಲ್ಲಿ. ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ಒಬ್ಬ ಸಂಸದ, ಮೇಲೆ ಕೇಂದ್ರ ನೇಮಿಸಿದ ಆಡಳಿತಾಧಿಕಾರಿ. 2021ರಲ್ಲಿ ಅಭಿವೃದ್ಧಿಯ ಹೆಸರಲ್ಲಿ ಭೂಮಿ ವಶಪಡಿಸಿಕೊಳ್ಳಲು ವಿಶಾಲ ಅಧಿಕಾರ ಕೊಡುವ ಕರಡು ಬಂದಾಗ ದ್ವೀಪದ ಜನ ಪ್ರತಿಭಟಿಸಿದ್ದು ಇದಕ್ಕೇ. 2023ರಲ್ಲಿ ಸುಹೇಲಿ ಮತ್ತು ಕಡಮತ್‌ನಲ್ಲಿ ತಾಜ್ ರೆಸಾರ್ಟ್‌ಗಳು ಘೋಷಣೆಯಾದವು. ಹೀಗೆ ಬರುವ ದುಡ್ಡಿನಲ್ಲಿ ದ್ವೀಪದವರ ಪಾಲೆಷ್ಟು, ನೀರಿನಲ್ಲಿ ಪ್ರವಾಸಿಗರ ಪಾಲೆಷ್ಟು ಎಂದು ಕೇಳುವ ಹಕ್ಕು ಅವರಿಗಿದೆ.

ನಮಗೂ ಈ ಊರು ಪರಕೀಯ ಅಲ್ಲ. ಅಮಿನಿ ದ್ವೀಪದವರು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತ ಬಯಸಿ ಮಂಗಳೂರಿಗೆ ಬಂದಿದ್ದರು. 1799ರ ನಂತರ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು 1956ರವರೆಗೂ ಮಂಗಳೂರಿನ ಆಡಳಿತಕ್ಕೇ ಸೇರಿದ್ದವು. ಮಂಗಳೂರಿನ ಹಳೇ ಬಂದರಿನಿಂದ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು, ಕೊಬ್ಬರಿ ಬರುತ್ತಿತ್ತು.

ಹಾಗಾಗಿ ಹೋಗಿ ಬನ್ನಿ. ಸ್ಥಳೀಯರ ಹೋಮ್‌ಸ್ಟೇ ಸಿಕ್ಕರೆ ಅಲ್ಲೇ ಉಳಿಯಿರಿ, ಅವರದೇ ದೋಣಿ ಹತ್ತಿ, ಸ್ನಾನಕ್ಕೆ ಒಂದು ಬಕೆಟ್ ಸಾಕು ಮಾಡಿಕೊಳ್ಳಿ. ಒಯ್ದ ಪ್ಲಾಸ್ಟಿಕ್ ವಾಪಸ್ ತನ್ನಿ, ಅದನ್ನು ಎಸೆಯಲು ಅಲ್ಲಿ ಜಾಗವೇ ಇಲ್ಲ.