ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ? ನಗರ ಸಾರಿಗೆಯ ಬೇಡಿಕೆಯ ಲೆಕ್ಕ

ನಗರದ ಜನ ದಿನವೂ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಕೆಲಸದ ಮೇಲೆ ಓಡಾಡುತ್ತಾರೆ, ಅದಕ್ಕೆ ಯಾವ ವಾಹನ ಹಿಡಿಯುತ್ತಾರೆ ಎಂಬುದನ್ನೆಲ್ಲ ಒಟ್ಟಾಗಿ ಪ್ರಯಾಣ ಬೇಡಿಕೆ ಎನ್ನುತ್ತಾರೆ. ಯಾವ ಮಾರ್ಗಕ್ಕೆ ಎಷ್ಟು ಬಸ್ಸು, ಎಷ್ಟು ನಿಮಿಷಕ್ಕೊಂದು, ಮೆಟ್ರೊ ರೈಲಿಗೆ ಮೂರು ಬೋಗಿಯೋ ಆರೋ ಎಂಬ ತೀರ್ಮಾನಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ. ಸುಮ್ಮನೆ ಸುತ್ತಾಡಲು ಬಸ್ಸು ಹತ್ತುವವರು ಕಡಿಮೆ. ಕಚೇರಿ, ಶಾಲೆ, ಆಸ್ಪತ್ರೆ, ಸಂತೆ, ನೆಂಟರ ಮನೆ ಇವುಗಳಿಗಾಗಿ ಜನ ಹೊರಡುತ್ತಾರೆ. ಹಾಗಾಗಿ ಮನೆಗಳೆಲ್ಲಿ, ಕೆಲಸದ ಜಾಗಗಳೆಲ್ಲಿ ಎಂಬುದು ಬದಲಾದರೆ ಬೇಡಿಕೆಯ ದಿಕ್ಕೇ ಬದಲಾಗುತ್ತದೆ.

ಬೆಂಗಳೂರಿನಲ್ಲಿ ಇದು ಎಲ್ಲರ ಕಣ್ಣೆದುರೇ ನಡೆದಿದೆ. ವ್ಯಾಪಾರ, ಕಚೇರಿ, ನ್ಯಾಯಾಲಯಗಳು ಊರಿನ ನಡುವೆ ಇದ್ದಾಗ ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರಗಳಿಂದ ಹೊರಟು ಬಡಾವಣೆ ಮುಟ್ಟಿ ಮರಳುವ ಬಸ್ಸುಗಳು ಸಾಕಾಗುತ್ತಿದ್ದವು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಗಳಲ್ಲಿ ಉದ್ಯೋಗ ಬೆಳೆದ ಮೇಲೆ ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವವರು ಹೆಚ್ಚಿದರು. ಮೆಜೆಸ್ಟಿಕ್‌ಗೆ ಬಂದು ಬಸ್ಸು ಬದಲಿಸುವುದು ಇವರಿಗೆ ಬರೀ ಸುತ್ತು. ಹೊರವರ್ತುಲ ರಸ್ತೆಯಲ್ಲಿ ಓಡುವ 500ರ ಸರಣಿಯ ಮಾರ್ಗಗಳು ಈ ಹೊಸ ಓಡಾಟಕ್ಕೆ ಹೊಂದುವಂಥವು.

ಬೇಡಿಕೆಯನ್ನು ಮುಂದಾಗಿ ಅಂದಾಜು ಮಾಡುವ ವಿಧಾನ 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೊ ನಗರಗಳ ಅಧ್ಯಯನಗಳಲ್ಲಿ ರೂಪುಗೊಂಡಿತು. ಇದರಲ್ಲಿ ನಗರವನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಿಂದ ಎಷ್ಟು ಪ್ರಯಾಣಗಳು ಹುಟ್ಟುತ್ತವೆ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಅವು ಯಾವ ವಲಯಗಳಿಗೆ ಹೋಗುತ್ತವೆ ಎಂಬುದು ಮುಂದಿನ ಹಂತ: ಉದ್ಯೋಗ ಹೆಚ್ಚಿರುವ ಜಾಗ ಹೆಚ್ಚು ಜನರನ್ನು ಸೆಳೆಯುತ್ತದೆ, ದೂರ ಹೆಚ್ಚಿದಂತೆ ಸೆಳೆತ ಕುಗ್ಗುತ್ತದೆ. ಬಸ್ಸು, ರೈಲು, ಸ್ವಂತ ವಾಹನಗಳಲ್ಲಿ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದು ಮೂರನೆಯ ಹಂತ. ಯಾವ ರಸ್ತೆ ಅಥವಾ ಯಾವ ಮಾರ್ಗ ಹಿಡಿಯುತ್ತಾರೆ ಎಂಬುದು ಕೊನೆಯದು.

ಇವುಗಳಲ್ಲಿ ಅತಿ ಕಷ್ಟದ್ದು ಮೂರನೆಯದು, ಏಕೆಂದರೆ ಅಲ್ಲಿ ಊಹಿಸಬೇಕಾದದ್ದು ಮನುಷ್ಯನ ಮನಸ್ಸನ್ನು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1972ರಲ್ಲಿ ಬಾರ್ಟ್ ಎಂಬ ರೈಲು ಶುರುವಾಯಿತು. ಕೆಲಸಕ್ಕೆ ಹೋಗುವ ಪ್ರಯಾಣಗಳಲ್ಲಿ ಶೇ 15ರಷ್ಟು ಈ ರೈಲಿಗೆ ಬರುತ್ತವೆ ಎಂಬುದು ಅಧಿಕೃತ ಅಂದಾಜಾಗಿತ್ತು. ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಅವರ ತಂಡ ರೈಲು ಬರುವ ಮೊದಲೇ ಜನ ಯಾವ ವಾಹನದಲ್ಲಿ, ಎಷ್ಟು ಖರ್ಚಿನಲ್ಲಿ, ಎಷ್ಟು ಸಮಯದಲ್ಲಿ ಓಡಾಡುತ್ತಿದ್ದಾರೆಂದು ಕೇಳಿ ತಿಳಿದು, ಬಾರ್ಟ್‌ನ ಪಾಲು ಶೇ 6.3 ಎಂದು ಅಂದಾಜಿಸಿತು. ರೈಲು ಓಡಿದ ಮೇಲೆ ಕಂಡ ಪಾಲು ಶೇ 6.2. ಆಯ್ಕೆಗಳನ್ನು ವಿಶ್ಲೇಷಿಸುವ ಸಿದ್ಧಾಂತಕ್ಕಾಗಿ ಮೆಕ್‌ಫ್ಯಾಡನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ನಿಲ್ದಾಣದಲ್ಲಿ ಕಾಯುವ ಸಮಯ ಜನರಿಗೆ ಬಸ್ಸಿನೊಳಗೆ ಕೂತ ಸಮಯಕ್ಕಿಂತ ಬಹಳ ಭಾರವಾಗಿ ಕಾಣುತ್ತದೆ ಎಂಬುದನ್ನೂ ಇಂಥ ಅಧ್ಯಯನಗಳು ತೋರಿಸಿವೆ. ಅನೇಕ ಲೆಕ್ಕಗಳಲ್ಲಿ ಕಾಯುವ ಒಂದು ನಿಮಿಷಕ್ಕೆ ಪ್ರಯಾಣದ ಎರಡು ನಿಮಿಷದ ಬೆಲೆ ಕಟ್ಟುತ್ತಾರೆ.

ಮಾಹಿತಿ ಸಿಗುವುದು ಹಲವು ಮೂಲಗಳಿಂದ. ಮನೆ ಮನೆಗೆ ಹೋಗಿ ನಡೆಸುವ ಸಮೀಕ್ಷೆ, ನಿಲ್ದಾಣಗಳಲ್ಲಿ ಹತ್ತುವವರ ಮತ್ತು ಇಳಿಯುವವರ ಎಣಿಕೆ ಹಳೆಯ ದಾರಿಗಳು. 2011ರ ಜನಗಣತಿಯಲ್ಲೂ ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಲಾಗಿತ್ತು. ಮೆಟ್ರೊದಲ್ಲಿ ಒಳಬಂದ ನಿಲ್ದಾಣ, ಹೊರಹೋದ ನಿಲ್ದಾಣ ಎರಡನ್ನೂ ಗೇಟೇ ದಾಖಲಿಸಿಕೊಳ್ಳುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಕೈಯ ಟಿಕೆಟ್ ಯಂತ್ರ ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಎಂದು ಉಳಿಸಿಕೊಳ್ಳುತ್ತದೆ. ಆದರೆ ಪಾಸು ತೋರಿಸಿ ಕೂತವರು ಈ ದಾಖಲೆಗೆ ಸಿಗುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ತುಂಬಿದ ಬಸ್ಸು ನಿಲ್ಲಿಸದೆ ಹೋದಾಗ ನಿಲ್ದಾಣದಲ್ಲೇ ಉಳಿದವರನ್ನು ಯಾವ ಯಂತ್ರವೂ ಎಣಿಸುವುದಿಲ್ಲ.

ಬಸ್ಸುಗಳ ಸಂಖ್ಯೆ ನಿರ್ಧಾರವಾಗುವುದು ದಿನದ ಸರಾಸರಿಯಿಂದಲ್ಲ, ಅತಿ ಹೆಚ್ಚು ದಟ್ಟಣೆಯ ಗಂಟೆಯಲ್ಲಿ ಮಾರ್ಗದ ಅತಿ ಹೆಚ್ಚು ತುಂಬುವ ತುಣುಕಿನಲ್ಲಿ ಎಷ್ಟು ಜನ ಇದ್ದಾರೆ ಎಂಬುದರಿಂದ. ಉದಾಹರಣೆಗೆ ಬೆಳಿಗ್ಗೆ ಒಂದು ಗಂಟೆಯಲ್ಲಿ ಆ ತುಣುಕನ್ನು 1,200 ಮಂದಿ ದಾಟಬೇಕಿದೆ, ಒಂದು ಬಸ್ಸಿಗೆ 60 ಜನ ಎಂದುಕೊಂಡರೆ ಗಂಟೆಗೆ 20 ಬಸ್ಸು, ಅಂದರೆ ಮೂರು ನಿಮಿಷಕ್ಕೊಂದು ಬೇಕು. ಹೋಗಿ ಬರಲು ಎರಡು ಗಂಟೆ ಹಿಡಿದರೆ ಆ ಮಾರ್ಗಕ್ಕೆ 40 ಬಸ್ಸು ಮೀಸಲಿಡಬೇಕು. ವಾಹನ ದಟ್ಟಣೆಯಿಂದ ಅದೇ ಸುತ್ತು ಎರಡೂವರೆ ಗಂಟೆಗೆ ಹೋದರೆ 50 ಬಸ್ಸು! ಒಬ್ಬ ಪ್ರಯಾಣಿಕನೂ ಹೆಚ್ಚದಿದ್ದರೂ ಹತ್ತು ಬಸ್ಸು, ಅವುಗಳ ಚಾಲಕರು, ಡೀಸೆಲ್ಲು ಎಲ್ಲವೂ ಹೆಚ್ಚುವರಿ. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥ ಮಾಡಿದ್ದರ ಮಹತ್ವವನ್ನು ಈ ಲೆಕ್ಕದಿಂದಲೇ ನೋಡಬೇಕು. ಇಂಥ ಪಥವನ್ನು ಕೈಬಿಡುವ ಊರು ಬಸ್ಸುಗಳನ್ನೇ ಕೈಬಿಟ್ಟಂತೆ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸುಗಳಿಗೆ ಪ್ರತ್ಯೇಕ ದಾರಿ ಕೊಟ್ಟದ್ದೂ ಇದೇ ಕಾರಣಕ್ಕೆ.

ದರಕ್ಕೂ ಬೇಡಿಕೆಗೂ ನೇರ ನಂಟಿದೆ. ನಮ್ಮ ಮೆಟ್ರೊ ದರವನ್ನು 2025ರ ಫೆಬ್ರವರಿಯಲ್ಲಿ ಏರಿಸಿದಾಗ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು, ಪ್ರಯಾಣಿಕರ ಸಂಖ್ಯೆ ಕೂಡಲೇ ಇಳಿಯಿತು. ಇದಕ್ಕೆ ತದ್ವಿರುದ್ಧವಾದದ್ದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರ ಇಲ್ಲವಾದ ಕೂಡಲೇ ಬಸ್ಸುಗಳು ತುಂಬಿದವು. ಈ ಪ್ರಯಾಣಗಳ ಅಗತ್ಯ ಅಂದು ಒಮ್ಮೆಲೇ ಹುಟ್ಟಿದ್ದಲ್ಲ. ಆಸ್ಪತ್ರೆಗೆ, ತವರಿಗೆ, ದೂರದ ಕೆಲಸಕ್ಕೆ ಹೋಗಬೇಕಿದ್ದೂ ಕೈಯಲ್ಲಿ ಕಾಸಿಲ್ಲದೆ ನಿಂತಿದ್ದ ಓಡಾಟ ಎಷ್ಟೋ ಇತ್ತು. ಯೋಜಕರ ಭಾಷೆಯಲ್ಲಿ ಇದು ಅದುಮಿಟ್ಟ ಬೇಡಿಕೆ. ಮಹಿಳೆಯರಿಗೆ ಕೊಡುವ ಶೂನ್ಯ ದರದ ಟಿಕೆಟ್ ಯಂತ್ರದಿಂದಲೇ ಬರುವುದರಿಂದ, ಪಾಸಿನಲ್ಲಿ ಸಿಗದ ಮಾಹಿತಿ ಇದರಲ್ಲಿ ದಾಖಲಾಗುತ್ತದೆ. ಮಾರ್ಗ ಯೋಜನೆಗೆ ಇದು ದೊಡ್ಡ ನಿಧಿ, ಬಳಸಿಕೊಳ್ಳಬೇಕು.

ಮಗುವನ್ನು ಶಾಲೆಗೆ ಬಿಟ್ಟು, ಕೆಲಸ ಮುಗಿಸಿ, ತರಕಾರಿ ಕೊಂಡು ಮರಳುವ ಹೆಣ್ಣುಮಗಳ ಓಡಾಟ ಮನೆಯಿಂದ ಕಚೇರಿಗೆ ಎಳೆದ ಒಂದೇ ಗೆರೆಯಲ್ಲ. ಅದು ಮೂರು ನಾಲ್ಕು ಚಿಕ್ಕ ಪ್ರಯಾಣಗಳ ಸರಪಣಿ, ಅವುಗಳಲ್ಲಿ ಎಷ್ಟೋ ಮಧ್ಯಾಹ್ನದ ಹೊತ್ತಿನವು. ಬೆಳಗಿನ, ಸಂಜೆಯ ದಟ್ಟಣೆಯನ್ನಷ್ಟೇ ನೋಡಿ ಮಧ್ಯಾಹ್ನದ ಟ್ರಿಪ್ಪುಗಳನ್ನು ಕಡಿತ ಮಾಡಿದರೆ ಮೊದಲ ಪೆಟ್ಟು ಬೀಳುವುದು ಇವರಿಗೆ. ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಆ ಓಡಾಟವೆಲ್ಲ ಲೆಕ್ಕಕ್ಕೆ ಬರಬೇಕಾದರೆ, ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದಾಗ ಕೆಲಸಕ್ಕೆ ಹೋಗುವ ಯಜಮಾನನ ಪ್ರಯಾಣವೊಂದನ್ನೇ ಹೇಳಿ ಕಳಿಸದೆ, ಮನೆಯ ಹೆಂಗಸರು, ಮಕ್ಕಳು, ಮುದುಕರು ನಡೆದುಹೋದದ್ದನ್ನೂ ಬಸ್ಸು ಸಿಗದೆ ಕೈಬಿಟ್ಟದ್ದನ್ನೂ ಬರೆಸಬೇಕು.